ಹಸಿರು ಚುಕ್ಕೆಯ ಕೀ

"ಜೇಬಲ್ಲಿರೋದೆಲ್ಲ ತಟ್ಟೇಲಿ ಹಾಕಿ."

ಮದ್ದೂರು ಕೋರ್ಟಿನ ಗೇಟಿನಲ್ಲಿ ಕಾನ್‌ಸ್ಟೇಬಲ್ ಚಂದನ ಈ ಮಾತನ್ನು ಯಾರ ಮುಖವನ್ನೂ ನೋಡದೆ ಹೇಳುತ್ತಾಳೆ. ಮುಖ ನೋಡಿದರೆ ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದರೆ ತಪಾಸಣೆ ತಪ್ಪುತ್ತದೆ ಎಂದು ಅವಳ ಭಯ. ಆದರೆ ಒಬ್ಬನ ಕೈ ತಟ್ಟೆಯ ಹತ್ತಿರ ಬಂದರೆ ಮಾತ್ರ ಕಣ್ಣು ತಾನಾಗಿ ಮೇಲೇಳುತ್ತಿತ್ತು.

ರಘುನಂದನ್ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಹೆಂಡತಿ ಜಗಳವಾಡಿಕೊಂಡು ತವರಿಗೆ ಹೋಗಿ ವರ್ಷದ ಮೇಲಾಗಿತ್ತು. ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿ ವಾಯಿದೆಯಿಂದ ವಾಯಿದೆಗೆ ತೆವಳುತ್ತಿತ್ತು. ಪ್ರತಿ ಸಲವೂ ತಟ್ಟೆಗೆ ಅವೇ ಬೀಳುತ್ತಿದ್ದವು: ಪರ್ಸು, ಬೈಕಿನ ಕೀ, ತಲೆಯ ಮೇಲೆ ಹಸಿರು ನೇಲ್ ಪಾಲಿಶ್ ಚುಕ್ಕೆಯಿದ್ದ ಮನೆಯ ಕೀ. ಜೊತೆಗೊಂದು ಟಿಫನ್ ಬಾಕ್ಸು. ಅದನ್ನೂ ತೆರೆದು ನೋಡುವುದು ಅವಳ ಡ್ಯೂಟಿ.

"ಇದೇನ್ರೀ, ಚಪಾತಿನೋ ಟಯರೋ?" ಎಂದಿದ್ದಳು ಮೊದಲ ಸಲ.

"ಬಾಂಬ್ ಅಲ್ಲ ಬುಡಿ ಮೇಡಂ. ತಿನ್ನೋನ್ಗೆ ಮಾತ್ರ ಅಪಾಯ."

ಪಕ್ಕದಲ್ಲಿ ಗಂಡಸರನ್ನು ತಪಾಸಣೆ ಮಾಡುತ್ತಿದ್ದ ಸಿದ್ದರಾಜು ನಕ್ಕ. "ಒಳಿಕ್ ಬುಡಬ್ಯಾಡ ಕಣಮ್ಮ, ಎಸುದ್ರೆ ಯಾರ್ದಾದ್ರೂ ತಲೆ ಒಡ್ದೋಯ್ತದೆ!"

ಮುಂದಿನ ವಾಯಿದೆಗೆ ಚಂದನ ಬೆಳಕವಾಡಿಯ ತನ್ನಮ್ಮ ಹಾಕಿದ ನಿಂಬೆ ಉಪ್ಪಿನಕಾಯಿಯನ್ನು ಸಣ್ಣ ಬಾಟಲಿಯಲ್ಲಿ ತಂದುಕೊಟ್ಟಳು. ಅವನು ಬಾಟಲಿ ತೊಳೆದು ತಂದ; ಒಳಗೊಂದು ಸಂಪಿಗೆ. "ಇದ್ನೂ ಚೆಕ್ ಮಾಡಿ" ಎಂದು ಅವಳನ್ನೇ ನೋಡುತ್ತ ನಿಂತ. ಗೇಟಿನಲ್ಲಿ ನಿಂತವಳು ಹೂ ತೆಗೆದುಕೊಳ್ಳಬಹುದೇ? ಸಂಜೆಯವರೆಗೂ ಅದೇ ಅಳುಕು. ಆದರೂ ಹೂವನ್ನು ಎಸೆಯಲಿಲ್ಲ.

ಒಮ್ಮೆ ಮನೆಯ ಕೀಯ ಹಸಿರು ಚುಕ್ಕೆ ತೋರಿಸಿ ಅವಳೇ ಕೇಳಿದ್ದಳು: "ಈ ಬಣ್ಣ ಯಾರು ಹಚ್ಚಿದ್ದು?"

"ಕುಸುಮ, ನನ್ ಹೆಂಡ್ತಿ. ಎರಡು ಕೀಗೂ ಹಚ್ಚಿದ್ಲು. ಇನ್ನೊಂದು ಅವಳತ್ರಾನೇ ಅದೆ."

"ಬೀಗ ಬದಲಾಯಿಸಬಾರದಾ ಮತ್ತೆ?"

"ಬದಲಾಯಿಸ್ಬೇಕು. ದಿನಾ ಅಂದ್ಕೋತೀನಿ" ಎಂದು ಅವನು ಬೇರೆಲ್ಲೋ ನೋಡಿದ್ದ. ಆ ನೋಟ ಅವಳಿಗೆ ಆಗ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಅವಳಿಗೆ ಬೇಡವಾಗಿತ್ತು.

ಇವತ್ತು ಕೊನೆಯ ವಾಯಿದೆ. ಜಡ್ಜು ಕೇಳುತ್ತಾರೆ, ಇಬ್ಬರೂ ಹೂಂ ಅನ್ನುತ್ತಾರೆ, ಮುಗಿಯುತ್ತದೆ. ಕೀಗಳನ್ನು ಜೇಬಿಗೆ ಹಾಕಿಕೊಳ್ಳುತ್ತ ರಘುನಂದನ್ ದನಿ ತಗ್ಗಿಸಿದ.

"ಆಚೆ ಬತ್ತಾ ನಿಮ್ಮನ್ನ ಒಂದು ಮಾತು ಕೇಳ್ತೀನಿ. ಇಲ್ಲ ಅನ್ಬಾರ್ದು."

"ಮುಂದೆ ನಡೀರಿ, ಕ್ಯೂ ಅದೆ" ಎಂದಳು ಚಂದನ. ಕಿವಿ ಬಿಸಿಯಾಗಿತ್ತು. ತಡೆಯಲು ಹೋದರೂ ತುಟಿಯಿಂದ ನಗು ಜಾರಿತು.

ಪರದೆಯ ಹಿಂದೆ ಹೆಂಗಸರನ್ನು ತಪಾಸಣೆ ಮಾಡುವ ಕವಿತ ರಜೆಯಲ್ಲಿದ್ದಳು. ತಟ್ಟೆಯನ್ನು ಸಿದ್ದರಾಜುವಿಗೆ ಒಪ್ಪಿಸಿ ಚಂದನ ಒಳಗೆ ಹೋದಳು.

"ಹೆಸರು?"

"ಕುಸುಮ. ಕೊತ್ತತ್ತಿಯಿಂದ ಬಂದಿವ್ನಿ."

ಚಂದನಳ ಕೈಯಲ್ಲಿದ್ದ ಡಿಟೆಕ್ಟರು ಸೊಂಟದ ಹತ್ತಿರ ಕೂಗಿತು.

"ಏನದು? ತೆಗೀರಿ."

ಕುಸುಮ ಸೆರಗಿನ ತುದಿಯ ಗಂಟು ಬಿಚ್ಚಿದಳು. ಹಸಿರು ಚುಕ್ಕೆಯ ಕೀ. ಬಣ್ಣ ಸವೆದಿತ್ತು, ದಿನವೂ ಬೆರಳು ಆಡಿದರೆ ಸವೆಯುವ ಹಾಗೆ.

"ನಮ್ಮನೇದು" ಎಂದವಳು ತಡವರಿಸಿ ತಿದ್ದಿಕೊಂಡಳು. "ಅವರ ಮನೇದು. ಇವತ್ತು ಕೊಟ್ಬುಡಾನ ಅಂತ ತಂದೆ. ನಾನು ತವರಿಗೋದ ದಿನ ಅವ್ರು ಕೀ ಇಟ್ಟೋಗು ಅನ್ನಲಿಲ್ಲ. ವಾಪಸ್ ಬಾ ಅಂತ್ಲೂ ಅನ್ನಲಿಲ್ಲ. ಈ ಹೊತ್ಗೆ ಬೀಗಾನೇ ಬದಲಾಯಿಸಿರ್ತಾರೆ. ಯಾವ ಬಾಗ್ಲಿಗೂ ಆಗ್ದಿರೋ ಕೀ ಇದು."

ಕೀ ಒಯ್ಯಬಾರದೆಂಬ ನಿಯಮವಿಲ್ಲ. 'ಹೋಗಿ' ಎಂದರೆ ಸಾಕಿತ್ತು. ಆ ಒಂದು ಮಾತಿಗೆ ಬೈಕು, ಸಂಪಿಗೆ, ಟಯರ್ ಚಪಾತಿ ಎಲ್ಲವೂ ತನ್ನದಾಗುತ್ತಿತ್ತು. ಹೇಳಲು ನನಗೇನು ಹಕ್ಕು, ಹೇಳದಿರಲು ನನಗೇನು ಹಕ್ಕು ಎಂದು ಚಂದನ ಕೀಯನ್ನೇ ನೋಡಿದಳು.

"ಬೀಗ ಬದಲಾಯಿಸಿಲ್ಲ ಕಣಮ್ಮ."

ಕುಸುಮ ಬೆಚ್ಚಿದಳು. "ನಿಮ್ಗೆಂಗೆ ಗೊತ್ತು?"

"ಗೇಟಲ್ಲಿ ನಿಂತೋರಿಗೆ ಎಲ್ಲರ ಜೇಬೂ ಗೊತ್ತಿರ್ತದೆ. ಅವರ ಜೇಬಲ್ಲೂ ಇದೇ ಹಸಿರು ಅದೆ." ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಕೊಡೋಕ್ ಮುಂಚೆ ಒಂದು ಮಾತು ಕೇಳಿ ನೋಡಿ. ಈಗ ಹೋಗಿ."

ಮಧ್ಯಾಹ್ನ ಚಂದನ ಮತ್ತೆ ತಟ್ಟೆಯ ಹತ್ತಿರವಿದ್ದಾಗ ಸಿದ್ದರಾಜು ಕೋರ್ಟಿನೊಳಗಿಂದ ಓಡಿಬಂದ. "ಗೊತ್ತಾಯ್ತಾ? ಆ ಟಯರ್ ಚಪಾತಿಯೋನು ಅರ್ಜಿ ವಾಪಸ್ ತಕ್ಕೊಂಡ ಕಣಮ್ಮ! ಜಗಲೀಲಿ ನಿಂತು ಗಂಡ ಹೆಂಡ್ತಿ ಇಬ್ರೂ ಒಂದೇ ಅಳು."

ಅವರು ಹೊರಗೆ ಬಂದರು. ಕುಸುಮ ಕಣ್ಣಲ್ಲೇ ಕೈಮುಗಿದು ಮುಂದೆ ಹೋದಳು. ರಘುನಂದನ್ ತಟ್ಟೆಯ ಮುಂದೆ ನಿಂತ. ಬೀಗದ ಮಾತು ಯಾರು ಹೇಳಿದ್ದೆಂದು ಕುಸುಮ ಅವನಿಗೆ ತಿಳಿಸಿರಬೇಕು.

"ಮೇಡಂ, ಬೆಳಗ್ಗೆ ಒಂದು ಮಾತು ಅಂದಿದ್ದೆ..."

ಈ ಸಲ ಚಂದನ ಕಣ್ಣೆತ್ತಲಿಲ್ಲ.

"ಆಚೆ ಹೋಗೋರನ್ನ ನಾವು ತಡೆಯೋದಿಲ್ಲ. ನಡೀರಿ."

ಬೈಕು ಸ್ಟಾರ್ಟ್ ಆಗಿ, ಹೆದ್ದಾರಿಯ ಸದ್ದಿನಲ್ಲಿ ಕರಗುವವರೆಗೂ ಅವಳು ತಟ್ಟೆಯನ್ನು ಒರೆಸುತ್ತಿದ್ದಳು. ಆಮೇಲೆ ಪರದೆಯ ಹಿಂದೆ ಹೋದಳು. ಇಡೀ ಕೋರ್ಟಿನಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಅದೊಂದೇ.

ಹೊರಗಿನಿಂದ ಯಾರೋ ಹೆಂಗಸು ಕೂಗಿದಳು. "ಒಳಗೆ ಯಾರಾದ್ರೂ ಇದೀರಾ?"

ಚಂದನ ಮುಖ ಒರೆಸಿಕೊಂಡು ಟೋಪಿ ಸರಿಮಾಡಿಕೊಂಡಳು.

"ಇದೀನಿ. ಬನ್ನಮ್ಮ."