ಬಿಸಿಲಿಗಿಟ್ಟ ಬ್ರಷ್

ರಾಯದುರ್ಗದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಬೀದಿಯ ಮೈಲಾರಮ್ಮ ತೀರಿಕೊಂಡಳು. ಮುತ್ತೈದೆಯಾಗಿ ಹೋದವಳೆಂದು ಅರಿಸಿನ ಹಚ್ಚಿ, ಹಸಿರು ಬಳೆ ತೊಡಿಸಿದ್ದರು. ಅವಳ ತಾಯಿ ನನ್ನ ಕೈ ಹಿಡಿದು, "ಮದುಮಗಳಂಗ ಮಾಡವ್ವಾ" ಎಂದರು. ತಣ್ಣಗಿದ್ದ ಆ ಕೆನ್ನೆಗಳಿಗೆ ಪಾರ್ಲರಿನ ಬ್ರಷ್ಷಿನಿಂದಲೇ ಗುಲಾಬಿ ಪೌಡರ್ ಹಚ್ಚಿದೆ.

ಆ ಬ್ರಷ್ ಎಸೆಯಬೇಕಿತ್ತು. ಒಳ್ಳೆಯ ಬ್ರಷ್ಷೆಂಬ ಆಸೆಗೆ ತೊಳೆದು ಮಾಳಿಗೆಯ ಬಿಸಿಲಿಗಿಟ್ಟೆ. ಮರುದಿನ ಕಣೇಕಲ್ಲಿನ ಮದುಮಗಳು ರಾಧಿಕಾಳಿಗೂ ಅದರಲ್ಲೇ ಹಚ್ಚಿದೆ.

"ಅಕ್ಕಾ, ಬ್ರಷ್ ಯಾಕ ಇಷ್ಟು ತಣ್ಣಗೈತಿ?"

"ಈಗಷ್ಟೇ ತೊಳದೀನವ್ವ" ಎಂದೆ. ಬ್ರಷ್ ಒಣಗಿ ಗರಿಗರಿಯಾಗಿತ್ತು.

ನಿನ್ನೆ ಅವಳ ಅತ್ತೆ ಪಾರ್ಲರಿಗೆ ಬಂದಿದ್ದರು. "ಸೊಸಿ ಆರಾಮ ಅದಾಳ್ರಿ. ಆದರ ಒಲಿ ಮುಂದ ಕುಂತ್ರೂ ಆಕಿ ಕೆನ್ನಿ ಬೆಚ್ಚಗಾಗಂಗಿಲ್ರಿ. ಅವತ್ತು ಏನು ಹಚ್ಚಿದ್ರಿ?"

ಯಾವುದೋ ಕ್ರೀಮಿನ ಹೆಸರು ಹೇಳಿ ಕಳಿಸಿದೆ.