ಗಂಟೆಯ ಮೇಲಿನ ಮಡಿಬಟ್ಟೆ

೧೯೫೫ರ ಮೇ ಹನ್ನೆರಡು, ಬೆಳಗ್ಗೆ ಏಳು. ಆದವಾನಿ ಠಾಣೆಗೆ ವಕೀಲರ ಗುಮಾಸ್ತ ಜಯತೀರ್ಥರು ದೂರು ತಂದರು. ದೇವರ ಕೋಣೆಯ ಕಿಟಕಿಯಿಂದ ಕಳ್ಳ ನುಗ್ಗಿ ಸಾಲಿಗ್ರಾಮದ ಬೆಳ್ಳಿ ಸಂಪುಟ ಒಯ್ದಿದ್ದ. ಓಣಿಯಲ್ಲಿ ಕಳವು ಹೆಚ್ಚಾದವೆಂದು ಅವರು ಹೋದ ತಿಂಗಳಷ್ಟೇ ಕಿಟಕಿಗಳಿಗೆಲ್ಲ ಬ್ಯಾಟರಿ ಗಂಟೆ ಹಾಕಿಸಿದ್ದರು. ಕದ ಸ್ವಲ್ಪ ಸರಿದರೂ ಮನೆಯೆಲ್ಲ ಏಳುವಂಥ ಗಂಟೆ. ರಾತ್ರಿ ಅದು ಹೊಡೆಯಲೇ ಇಲ್ಲ.

ಎಫ್‌ಐಆರ್ ಬರೆಸಿ ಸಬ್‌ಇನ್‌ಸ್ಪೆಕ್ಟರ್ ಜಂಬಪ್ಪ, ಕಾನ್‌ಸ್ಟೇಬಲ್ ದಸ್ತಗಿರಿಯೊಂದಿಗೆ ಸ್ಥಳಕ್ಕೆ ಹೋದ. ದೇವರ ಕೋಣೆ ಮಡಿ, ಪಂಚನಾಮೆ ಹೊಸ್ತಿಲಾಚೆಯಿಂದಲೇ ಆಗಲಿ ಎಂದರು ಜಯತೀರ್ಥರು.

"ಕಳ್ಳ ಮಡಿ ಉಟ್ಟು ಬಂದಿದ್ನೇನ್ರಿ?" ಎಂದ ದಸ್ತಗಿರಿ. ಜಂಬಪ್ಪ ಕಣ್ಣಲ್ಲೇ ಗದರಿಸಿದ.

ಹೊಸ್ತಿಲಿಂದ ಕಂಡದ್ದೇ ಸಾಕಾಯಿತು. ಕಿಟಕಿಯ ಒಂದು ಸರಳು ಓಣಿಯಲ್ಲಿ ಬಿದ್ದಿತ್ತು, ಆದರೆ ಕಟ್ಟೆಯ ಮೇಲಿನ ಧೂಳಿಗೆ ಯಾರ ಕಾಲೂ ತಾಗಿರಲಿಲ್ಲ. ಸಂಪುಟ ಹೋಗಿತ್ತು, ಸಾಲಿಗ್ರಾಮಗಳು ತೊಳೆದ ಬಾಳೆಲೆಯ ಮೇಲೆ ತುಳಸಿ ಸಮೇತ ಕೂತಿದ್ದವು. ಗಂಟೆ ಇದ್ದದ್ದು ಕೈಗೆಟುಕದ ಎತ್ತರದಲ್ಲಿ, ಮಾಳಿಗೆಯ ತೊಲೆಯ ಹತ್ತಿರ. ಅದರ ಮೇಲೆ ದಪ್ಪನೆಯ ಒಂದು ಬಟ್ಟೆ, ಅಂಚು ಸರಿಯಾಗಿ ಇಳಿಬಿಟ್ಟು ಹರವಿತ್ತು. ಮನೆಯಲ್ಲಿ ಏಣಿ ಇಲ್ಲ. ಮೂಲೆಯಲ್ಲಿ ಮಡಿಕೋಲು ಒರಗಿತ್ತು, ಒಗೆದ ಬಟ್ಟೆಯನ್ನು ಕೈ ತಾಗದಂತೆ ಎತ್ತರದ ಗಳಕ್ಕೆ ಹಾಕುವ ಕೋಲು.

"ಮಡಿ ಯಾರು ಮಾಡ್ತಾರ್ರಿ?" ಎಂದ ಜಂಬಪ್ಪ.

"ನನ್ನ ತಂಗಿ ಸಕ್ಕೂಬಾಯಿ. ಹದಿನಾಲ್ಕಕ್ಕ ಗಂಡ ಹೋದ. ಆವಾಗಿಂದ ದೇವರ ಸೇವಾ ಆಕೀದೇ. ಹೊಸ್ತಿಲು ದಾಟಿದಾಕಿ ಅಲ್ಲ."

ಸಕ್ಕೂಬಾಯಿ ಕದದ ಮರೆಯಲ್ಲಿದ್ದಳು. ಜಂಬಪ್ಪ ಅತ್ತ ನೋಡದೆಯೇ ಕೇಳಿದ.

"ಕಳ್ಳ ದೇವರನ್ನ ಎಲಿ ಮ್ಯಾಲ ಯಾಕ ಕೂಡಿಸ್ಯಾನಮ್ಮ?"

ಉತ್ತರ ಕದದ ಹಿಂದಿನಿಂದಲೇ ಬಂತು.

"ಬರೀ ನೆಲದ ಮ್ಯಾಲ ಇಡ್ಲಿಕ್ಕೆ ಮನಸಾಗಲಿಲ್ರಿ."

ಬೇರೆ ಯಾರೂ ಮುಟ್ಟದ ಮಡಿನೀರಿನ ಹಂಡೆಯೊಳಗೆ ಕೈಹಾಕಿ ಅವಳೇ ಸಂಪುಟ ತೆಗೆದಿಟ್ಟಳು.

ಹೇಳಿಕೆ ಚಿಕ್ಕದು. ಹತ್ತಿ ಮಿಲ್ಲಿನಿಂದ ಮರಳುವಾಗ ಸುಂಕಮ್ಮ ಎಂಬಾಕೆ ದಿನಾ ಸಂಜೆ ಆ ಕಿಟಕಿಗೆ ಬರುತ್ತಿದ್ದಳು, ತಲೆತುಂಬ ಹತ್ತಿಯ ನಾರು ಮೆತ್ತಿಕೊಂಡು. ಸರಳಿನ ನಡುವೆ ಇಬ್ಬರೂ ನಾಲ್ಕು ಮಾತಾಡುತ್ತಿದ್ದರು. ಗಂಟೆ ಬಂದ ಮೇಲೆ ಕದ ಗೇಣು ಸರಿಸಿದರೂ ಅಣ್ಣ ಓಡಿಬರುತ್ತಿದ್ದ. ಒಂದು ಕಳವಾದರೆ ಗಂಟೆ ದಂಡವೆಂದು ತೆಗೆಸುತ್ತಾನೆ ಎಂದುಕೊಂಡಿದ್ದಳು. ಆದರೆ ಅವನು ಕಿಟಕಿಯನ್ನೇ ಮುಚ್ಚಿಸಲು ಬೆಳಗ್ಗೆಯೇ ಬಡಿಗನಿಗೆ ಹೇಳಿಕಳಿಸಿದ್ದ. ಹಲಗೆಗಳು ಆಗಲೇ ಅಂಗಳದಲ್ಲಿದ್ದವು.

ಮನೆಯ ಮಾತು, ಕೇಸು ಬೇಡ ಎಂದು ಜಯತೀರ್ಥರು ಬೇಡಿಕೊಂಡರು. ಎಫ್‌ಐಆರ್‌ಗೆ ನಂಬರು ಬಿದ್ದಾಗಿದೆ, ತನ್ನ ಕೈಯಲ್ಲಿಲ್ಲ ಎಂದ ಜಂಬಪ್ಪ. ಅಷ್ಟರಲ್ಲಿ ಸಕ್ಕೂಬಾಯಿ ತಲೆಮೇಲೆ ಸೆರಗೆಳೆದುಕೊಂಡು ಹೊಸ್ತಿಲಿಗೆ ಬಂದಿದ್ದಳು.

"ಠಾಣ್ಯಾಗ ಕಿಟಕಿ ಅದ ಏನ್ರಿ?"

"ಐತಿ ತಾಯಿ. ಸರಳು ಅದಾವ," ಎಂದ ಜಂಬಪ್ಪ.

"ಗಂಟಿ?"

"ಗಂಟಿ ಇಲ್ಲ."

ಅವಳು ಹೊಸ್ತಿಲು ದಾಟಿದಳು. ಹನ್ನೊಂದೂಕಾಲಿಗೆ ಬಂಧನ ದಾಖಲಾಯಿತು. ಅಷ್ಟು ಹೊತ್ತಿಗೆ ಬಡಿಗ ಆ ಕಿಟಕಿಗೆ ಹಲಗೆ ಬಡಿದು ಮುಗಿಸಿದ್ದ.