ಜೋಡಿಗಣ್ಣು ಕೊಟ್ಟ ಅಂಕ

ಶುಕ್ರವಾರ ಹನ್ನೊಂದೂವರೆಗೆ ಮುಂಬಯಿಯ ಹರಾಜು ಕೇಂದ್ರದಲ್ಲಿ ಜೋಡಿಗಣ್ಣು ಎಂಬ ಕಾವಲು ಯಂತ್ರ ಕೆಂಪು ದೀಪ ಹೊತ್ತಿಸಿತು. ಎರಡು ಬೇರೆ ಬೇರೆ ಬ್ಯಾಂಕುಗಳ ಬಿಡ್, ಹೊಂದಿಕೆ ನೂರಕ್ಕೆ ತೊಂಬತ್ತೊಂದು. ಒಂದು ಬಿಡ್ ಮೈತ್ರೇಯಿ ಹಾಕಿದ್ದು, ಇನ್ನೊಂದು ಅವಳ ಗಂಡ ವಾದಿರಾಜ ಹಾಕಿದ್ದು. ಇಬ್ಬರಿಗೂ ವಿಚಾರಣೆಗೆ ಕರೆ ಬಂತು.

ಸಾಲ ಎತ್ತಲು ಸರ್ಕಾರ ಸಾಲಪತ್ರಗಳನ್ನು ಹರಾಜಿಗಿಡುತ್ತದೆ. ಎಷ್ಟು ಬಡ್ಡಿ ಕೊಟ್ಟರೆ ಕೊಳ್ಳುತ್ತೇವೆಂದು ಬ್ಯಾಂಕುಗಳು ಗುಟ್ಟಾಗಿ ಬಿಡ್ ಹಾಕಬೇಕು. ಅವರವರೇ ಒಳಗೊಳಗೆ ಮಾತಾಡಿಕೊಂಡರೆ ಬಡ್ಡಿ ಏರಿ, ಭಾರ ಜನರ ತಲೆಯ ಮೇಲೆ ಬೀಳುತ್ತದೆ. ಈ ಒಳಸಂಚು ಹಿಡಿಯಲೆಂದೇ 2058ರಲ್ಲಿ ಡಾ. ಇರ್ಫಾನ್ ಮುಲ್ಲಾ ಜೋಡಿಗಣ್ಣನ್ನು ಕಟ್ಟಿದ್ದರು. ಅದು ಯಾರ ಮಾತನ್ನೂ ಕದ್ದು ಕೇಳುವುದಿಲ್ಲ. ಇಬ್ಬರು ಎಲ್ಲಿ ಹಿಂಜರಿದರು, ಎಲ್ಲಿ ಧೈರ್ಯ ಮಾಡಿದರು ಎಂಬುದನ್ನು ಹರಾಜಿನ ಮೇಲೆ ಹರಾಜು ಪಕ್ಕಪಕ್ಕ ಇಟ್ಟು ನೋಡುತ್ತದೆ, ಅಷ್ಟೆ.

“ದೇವರಾಣಿ ಸರ್,” ಮೈತ್ರೇಯಿ ಮುಲ್ಲಾರ ಕೋಣೆಯಲ್ಲಿ ಹೇಳಿದಳು. “ಗುರುವಾರ ಸಂಜಿಂದ ಹರಾಜು ಮುಗಿಯೂತನಕ ನಮ್ಮನ್ಯಾಗ ಒಬ್ಬರಿಗೊಬ್ಬರು ಮಾತೇ ಆಡಂಗಿಲ್ಲ. ಇಪ್ಪತ್ತಾರು ವರ್ಷದ ನೇಮ ಅದು.”

“ಆ ಹೊತ್ತಿನ್ಯಾಗ ಕೂಡಿ ಚಾ ಕುಡೀತೀರೇನು?” ಮುಲ್ಲಾ ಕೇಳಿದರು.

“ಕುಡೀತೀವ್ರಿ, ಬಾಯಿ ಮುಚ್ಕೊಂಡು. ನಾನೇ ಮಾಡ್ತೀನಿ. ಎದಿ ಢವಢವ ಅಂತಿದ್ರ ಸಕ್ರಿ ಒಂದು ಚಮಚಾ ಜಾಸ್ತಿ ಬೀಳ್ತದ...” ಅವಳು ಥಟ್ಟನೆ ಗಂಡನ ಕಡೆ ತಿರುಗಿದಳು.

ಪಕ್ಕದಲ್ಲಿದ್ದ ವಾದಿರಾಜ ತಲೆ ತಗ್ಗಿಸಿದ. “ಹೌದ್ರಿ. ಆಕಿ ಅಂಜ್ಯಾಳಂತ ಮೊದಲನೇ ಗುಟುಕಿಗೇ ನನಗ ಗೊತ್ತಾಗ್ತದ.”

ಅಯ್ಯೋ, ಇದೆಂಥ ಕಳ್ಳತನ! ಮುಲ್ಲಾರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಯಂತ್ರದ ಪರೀಕ್ಷೆಗೆ ಮೊದಲು ನಾನೂ ನನ್ನ ಹೆಂಡತೀನೂ ಕೂತಿದ್ವಿ. ನಮಗ ಬಂದದ್ದು ಬರೇ ಆರು ಅಂಕ. ಒಂದೇ ಮನ್ಯಾಗ ಇರ್ತೀವಿ. ಆಕಿ ಫೋನ್ ಆಕಿಗೆ, ನನ್ನ ಫೋನ್ ನನಗ.”

ಆದರೆ ನಿಯಮಕ್ಕೆ ಕರುಣೆ ಎಲ್ಲಿಯದು? ಕೆಲಸ ಬಿಟ್ಟರೆ ತಪ್ಪೊಪ್ಪಿಕೊಂಡಂತೆ, ಇಬ್ಬರ ಹೆಸರಿಗೂ ಮಸಿ. ನಿರ್ದೋಷಿಗಳೆಂದು ತೋರಿಸಲು ಒಂದು ವರ್ಷ ಬೇರೆ ಬೇರೆ ಇರಬೇಕು, ಹೊಂದಿಕೆ ಹತ್ತಕ್ಕಿಂತ ಕೆಳಗಿಳಿಯಬೇಕು. ಭೇಟಿ ಇಲ್ಲ, ಫೋನಿಲ್ಲ. ವಾದಿರಾಜ ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಬಾಡಿಗೆ ಕೋಣೆ ಹಿಡಿದ. “ವರ್ಷ ಏನು, ಹಿಂಗ ಬಂದು ಹಂಗ ಹೋಗ್ತದ,” ಎಂದು ಹೊರಟ.

ಮೂರು ತಿಂಗಳಾದರೂ ಎಂಬತ್ತೆಂಟು! ಮೈತ್ರೇಯಿಗೆ ಹೆದರಿಕೆಯಾದರೂ ಒಳಗೊಳಗೇ ಹಿಗ್ಗು. ಇಷ್ಟು ದೂರವಿದ್ದರೂ ಅವನು ತನ್ನ ಹಾಗೇ ಅಂಜುತ್ತಾನಲ್ಲ! ಆಮೇಲೆ ಅರವತ್ತಾಯಿತು. ದೀಪಾವಳಿ ಹೊತ್ತಿಗೆ ಮೂವತ್ತು. ಅಂಕ ಇಳಿದಾಗಲೆಲ್ಲ ಆಫೀಸಿನವರು ಬಂದು ಕೈಕುಲುಕುತ್ತಿದ್ದರು. ಪಾಪ, ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ವರ್ಷ ತುಂಬಿದ ಶುಕ್ರವಾರ ಹಸಿರು ದೀಪ ಹೊತ್ತಿತು. ಅಂಕ ಎರಡು. ಮುಲ್ಲಾ ತಾವೇ ಅವಳ ಮೇಜಿನ ತನಕ ಬಂದರು. “ಗೆದ್ರಿ ಅಕ್ಕಾರ,” ಎಂದರು. ಅವಳ ಮುಖ ನೋಡಿ, ಕುಲುಕಲು ಚಾಚಿದ ಕೈ ಹಿಂದೆ ತೆಗೆದುಕೊಂಡರು.

ಸಂಜೆ ವಾದಿರಾಜ ಚೀಲ ಹಿಡಿದು ಬಂದು ಬೆಲ್ ಒತ್ತಿದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಒಳಗೆ ಬಂದು, ಬಂದವರು ಕೂರುವ ಕುರ್ಚಿಯಲ್ಲಿ ಕೂತ.

ಮೈತ್ರೇಯಿ ಚಹಾಕ್ಕೆ ಇಟ್ಟಳು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವಳು ಚಮಚ ಹಿಡಿದು ನಿಂತೇಬಿಟ್ಟಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಈಗ ಕೇಳಬೇಕಾಯಿತು.

“ರೀ, ಸಕ್ರಿ ಎಷ್ಟು ಹಾಕ್ಲಿ?”

“ಬ್ಯಾಡ,” ಎಂದ ವಾದಿರಾಜ ಮೆಲ್ಲಗೆ. “ಸಕ್ರಿ ಬಿಟ್ಟು ಆರು ತಿಂಗಳಾತು.”